ಕಾಲಿಗೆ ಗೊತ್ತಾಗುವ ಎರಡು ಸೆಂಟಿಮೀಟರ್

ಆರ್ಕಿಟೆಕ್ಚರ್ ಓದಲು ಬಂದವರನ್ನು ಮೊದಲ ವಾರವೇ ಟೇಪು ಕೊಟ್ಟು ಮೆಟ್ಟಿಲು ಅಳೆಯಲು ಕಳಿಸುತ್ತೇನೆ. ಸುಮ್ನೆ ಒಂದನ್ನು ಅಳೆದು ಬಂದರೆ ಸಾಲದು, ಪ್ರತಿಯೊಂದರ ಎತ್ತರವನ್ನೂ ಬರೆದು ತರಬೇಕು. ಬಹಳ ಸಲ ಮೊದಲನೆಯದೂ ಕೊನೆಯದೂ ಉಳಿದವುಗಳ ಜೊತೆ ಹೊಂದುವುದಿಲ್ಲ. ‘ಅಳತೆ ತಪ್ಪಾಯ್ತೇನೋ ಸರ್’ ಅಂತ ಮತ್ತೆ ಓಡುತ್ತಾರೆ. ಅಳತೆ ಸರಿಯಾಗೇ ಇರುತ್ತದೆ.

ಕಾಂಕ್ರೀಟ್ ಹಾಕುವಾಗ ಎಲ್ಲ ಮೆಟ್ಟಿಲೂ 15 ಸೆಂ.ಮೀ. ಇರುತ್ತವೆ. ಆಮೇಲೆ ಕಲ್ಲು ಹಾಸುತ್ತಾರೆ. ನೆಲಕ್ಕೆ ಗಾರೆ ಸೇರಿ 5 ಸೆಂ.ಮೀ., ಮೆಟ್ಟಿಲ ಮೇಲೆ 3 ಅಂತಿಟ್ಟುಕೊಳ್ಳಿ. ಕೆಳಗಿನ ಮೊದಲ ಮೆಟ್ಟಿಲು 13ಕ್ಕೆ ಇಳಿಯುತ್ತದೆ, ಮೇಲಿನ ಕೊನೆಯದು 17ಕ್ಕೆ ಏರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಲೆಕ್ಕ ಹಿಡಿದಿರುತ್ತದೆ, ಕೊನೆಯದಕ್ಕೂ ಅಷ್ಟೇ ಏಳುತ್ತದೆ. ಬೆರಳು ತಾಗಿ ಮುಗ್ಗರಿಸುವುದು ಅಲ್ಲೇ.

ನಾನು ಕಟ್ಟಿಸಿದ ಮೊದಮೊದಲ ಮನೆಯೊಂದರಲ್ಲಿ ಹೀಗೇ ಆಯಿತು. ಡ್ರಾಯಿಂಗ್‌ನಲ್ಲಿ ಕಲ್ಲಿನ ದಪ್ಪ ಬರೆದಿರಲಿಲ್ಲ. ಆ ಮನೆಯ ಅಜ್ಜಿ ಮೇಲಿನ ಮೆಟ್ಟಿಲಲ್ಲಿ ಎಡವಿ ಬಿದ್ದರು. ಮೇಸ್ತ್ರಿ ಬರೆದದ್ದನ್ನೇ ಕಟ್ಟಿದ್ದ, ತಪ್ಪು ನನ್ನದು. 30 ವರ್ಷ ಆಯಿತು, ಆಮೇಲೆ ಕಲ್ಲು ಹಾಸಿದ ಮೇಲಿನ ಮಟ್ಟ ಬರೆಯದೆ ಒಂದು ಡ್ರಾಯಿಂಗೂ ಸೈಟಿಗೆ ಕಳಿಸಿಲ್ಲ.

ಮೆಟ್ಟಿಲಿನ ಲೆಕ್ಕ ಹಳೆಯದು. ಎರಡು ಎತ್ತರ, ಒಂದು ಅಗಲ ಕೂಡಿದರೆ ಒಂದು ಹೆಜ್ಜೆಯಾಗಬೇಕು ಅಂತ ಫ್ರಾನ್ಸಿನ ವಾಸ್ತುಶಿಲ್ಪಿ ಬ್ಲಾಂಡೆಲ್ 17ನೇ ಶತಮಾನದಲ್ಲೇ ಹೇಳಿದ್ದ. 15 ಎತ್ತರಕ್ಕೆ 30 ಅಗಲ ಇಟ್ಟರೆ 60 ಸೆಂ.ಮೀ., ಆರಾಮಾಗಿ ಹತ್ತಬಹುದು.

ಸಾರ್ವಜನಿಕ ಕಟ್ಟಡಗಳ ನಕ್ಷೆ ನೋಡುವ ಸಮಿತಿಯಲ್ಲಿದ್ದಾಗ ನಾನು ಜಾಸ್ತಿ ಜಗಳ ಆಡಿದ್ದು ರ‍್ಯಾಂಪಿಗಾಗಿ. ಬಾಗಿಲ ಮುಂದೆ ನಾಲ್ಕೇ ಮೆಟ್ಟಿಲು, 60 ಸೆಂ.ಮೀ. 1ಕ್ಕೆ 12ರ ಇಳಿಜಾರು, ಅಂದರೆ 1 ಮೀಟರ್ ಏರಲು 12 ಮೀಟರ್ ಉದ್ದ, ಬೇಕಾದರೆ ರ‍್ಯಾಂಪು 7.2 ಮೀಟರ್ ಉದ್ದ ಇರಬೇಕು. ಉಳಿದಿರುವ ಜಾಗ 3 ಮೀಟರ್. ಅಷ್ಟರಲ್ಲೇ ಒಂದನ್ನು ತುರುಕಿ ತರುತ್ತಾರೆ. ‘ರ‍್ಯಾಂಪ್ ಇದೆಯಲ್ಲ ಸರ್’ ಅಂತಾರೆ. ಇದೆ, ನಿಜ. ಆದರೆ ಗಾಲಿಕುರ್ಚಿಯವರು ತಾವೇ ಚಕ್ರ ತಳ್ಳಿಕೊಂಡು ಅದನ್ನು ಹತ್ತುವುದು ಹೇಗೆ? ಇಳಿಯುವಾಗ ಕುರ್ಚಿ ಕೈ ಮೀರಿ ಓಡುತ್ತದೆ, ಅಲ್ವಾ? ಅಂಥ ನಕ್ಷೆಗಳನ್ನು ವಾಪಸ್ ಕಳಿಸಿದ್ದೇನೆ.

ದಾರಿ ಇಲ್ಲದೇ ಇಲ್ಲ. ಸುತ್ತಲಿನ ನೆಲಕ್ಕೆ ಸರಿಯಾದ ವಾಟ ಕೊಟ್ಟು ಮಳೆನೀರನ್ನು ಆಚೆ ಕಳಿಸಿದರೆ, ಒಳನೆಲವನ್ನು ಅಷ್ಟು ಎತ್ತರ ಇಡಬೇಕಾಗಿಲ್ಲ. 25 ಸೆಂ.ಮೀ.ಗೆ ಇಳಿಸಿದರೆ 3 ಮೀಟರ್ ರ‍್ಯಾಂಪು ಸಾಕು. ಈ ಮಾತು ಪಾಯ ತೆಗೆಯುವ ಮುಂಚೆಯೇ ಆಗಬೇಕು. ಸ್ಲ್ಯಾಬ್ ಬಿದ್ದ ಮೇಲೆ ಬಂದು ಕೇಳಿದರೆ ನಾನೂ ಜಾಸ್ತಿ ಏನೂ ಮಾಡಲಾರೆ.