ರೊಟ್ಟಿ ಬಡಿಯುವ ಕೈ, ಲ್ಯಾಬಿನ ರಿಪೋರ್ಟು

ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಬರಲಿಲ್ಲ ಅಂದರೆ ವಿಜಯಪುರದ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು, ಅವ್ವನ ಕೈ ಬಾತಿದೆ. ಬೆರಳ ಬುಡದ ಗೆಣ್ಣುಗಳು ಊದಿ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. "ಕೈ ಇವತ್ತ ಮಾತ ಕೇಳವಲ್ದು" ಎನ್ನುತ್ತಿದ್ದಳು.

ಅವ್ವನಿಗಿರುವುದು ರುಮಟಾಯ್ಡ್ ಸಂಧಿವಾತ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಈ ಉರಿಯೂತ ಎಷ್ಟಿದೆ ಎಂದು ನೋಡಲು ಡಾಕ್ಟರು ಇಎಸ್‌ಆರ್, ಸಿಆರ್‌ಪಿ ಎಂಬ ಎರಡು ರಕ್ತಪರೀಕ್ಷೆ ಬರೆಯುತ್ತಾರೆ.

ಇಎಸ್‌ಆರ್ ಮಾಡುವುದನ್ನು ಒಮ್ಮೆ ನಿಂತು ನೋಡಿ. ಸಣ್ಣ ಗಾಜಿನ ಕೊಳವೆಯಲ್ಲಿ ರಕ್ತ ತುಂಬಿ ನೆಟ್ಟಗೆ ನಿಲ್ಲಿಸುತ್ತಾರೆ. ಕೆಂಪು ಮೆಲ್ಲಗೆ ಕೆಳಗಿಳಿಯುತ್ತದೆ, ಮೇಲೆ ಹಳದಿ ನೀರು ತಿಳಿಯಾಗುತ್ತದೆ. ಒಂದು ತಾಸಿನಲ್ಲಿ ಎಷ್ಟು ಮಿಲಿಮೀಟರ್ ಇಳಿಯಿತು ಅನ್ನುವುದೇ ರಿಪೋರ್ಟಿನ ಅಂಕಿ. ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಜಾಸ್ತಿಯಾಗುತ್ತದೆ. ಆಗ ಕೆಂಪು ಕಣಗಳು ಕಟಕ ರೊಟ್ಟಿ ಪೇರಿಸಿದ ಹಾಗೆ ಒಂದಕ್ಕೊಂದು ಅಂಟಿ, ಭಾರವಾಗಿ, ಬೇಗ ತಳ ಸೇರುತ್ತವೆ. ಸ್ವೀಡನ್ನಿನ ಡಾಕ್ಟರು ವೆಸ್ಟರ್‌ಗ್ರೆನ್ 1921ರಲ್ಲಿ ವಿವರಿಸಿದ ವಿಧಾನ ಇವತ್ತಿಗೂ ನಡೆಯುತ್ತಿದೆ! ಆದರೆ ರಕ್ತ ಕಡಿಮೆಯಿದ್ದರೂ, ಬಸುರಿಯಾಗಿದ್ದರೂ, ವಯಸ್ಸಾದರೂ ಇಎಸ್‌ಆರ್ ಏರುತ್ತದೆ.

ಸಿಆರ್‌ಪಿ ಇದಕ್ಕಿಂತ ಚುರುಕು. ಅದು ರಕ್ತದಲ್ಲಿರುವ ಇನ್ನೊಂದು ಪ್ರೋಟೀನ್. 1930ರಲ್ಲಿ ನ್ಯೂಯಾರ್ಕಿನಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದು ಮೊದಲು ಕಂಡಿತು. ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ತಲುಪಿದೊಡನೆ ಲಿವರ್ ಇದನ್ನು ತಯಾರಿಸಲು ಶುರು ಮಾಡುತ್ತದೆ. ಕೆಲವೇ ತಾಸುಗಳಲ್ಲಿ ಏರುತ್ತದೆ. ತಯಾರಿ ನಿಂತರೆ ಸುಮಾರು 19 ತಾಸಿಗೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಔಷಧ ನಾಟಿತೋ ಇಲ್ಲವೋ ಬೇಗ ತಿಳಿಯುತ್ತದೆ. ಆದರೆ ಸೋಂಕು ತಗುಲಿದರೂ ಸಿಆರ್‌ಪಿ ಏರುತ್ತದೆ. ಜ್ವರವೋ ಗಂಟಲುನೋವೋ ಇದ್ದರೆ ಡಾಕ್ಟರಿಗೆ ಹೇಳಲೇಬೇಕು.

ನನಗೆ ನಿಜಕ್ಕೂ ಸಂಕಟವಾಗುವುದು ಆರ್‌ಎ ಫ್ಯಾಕ್ಟರ್ ಎಂಬ ಮತ್ತೊಂದು ರಕ್ತಪರೀಕ್ಷೆಯ ವಿಷಯದಲ್ಲಿ. ರೋಗ ಪತ್ತೆ ಮಾಡಲು ಅದು ಬೇಕು, ಸರಿ. ಆದರೆ ಇವತ್ತಿನ ಬಾವು ಎಷ್ಟೆಂದು ಅದು ಸರಿಯಾಗಿ ಹೇಳುವುದಿಲ್ಲ. ಆದರೂ ಎಷ್ಟೋ ಜನ ಸುಮ್ನೆ ದುಡ್ಡು ಕೊಟ್ಟು ಮತ್ತೆ ಮತ್ತೆ ಮಾಡಿಸುತ್ತಾರೆ. ಕಡಿಮೆ ಆಗಿಲ್ಲ ಎಂದು ಕುಗ್ಗಿ, ನಾಟುತ್ತಿರುವ ಗುಳಿಗೆಯನ್ನೇ ಬಿಡುತ್ತಾರೆ.

ಇನ್ನೊಂದು ಮಾತು. ಈ ರೋಗಕ್ಕೆ ಕೊಡುವ ಟೊಸಿಲಿಜುಮ್ಯಾಬ್ ಇಂಜೆಕ್ಷನ್ ಇಂಟರ್‌ಲ್ಯೂಕಿನ್-6ರ ದಾರಿಯನ್ನೇ ಕಟ್ಟುತ್ತದೆ. ಅದನ್ನು ತೆಗೆದುಕೊಳ್ಳುವವರಲ್ಲಿ ಸೋಂಕಿದ್ದರೂ ಸಿಆರ್‌ಪಿ ಏರದೆ ಇರಬಹುದು.

ಅಂಕಿ ಸರಿಯಿದ್ದೂ ಕೀಲು ಬಾತಿರುವವರಿದ್ದಾರೆ. ಅದಕ್ಕೇ ಡಾಕ್ಟರು ಭುಜದಿಂದ ಮೊಣಕಾಲಿನವರೆಗೆ 28 ಕೀಲು ಮುಟ್ಟಿ ನೋಡುತ್ತಾರೆ. ಕಳೆದ ಸಲ ಅವ್ವನ ರಿಪೋರ್ಟು ಚೆನ್ನಾಗಿಯೇ ಇತ್ತು. ಡಾಕ್ಟರು ತೋರುಬೆರಳ ಗೆಣ್ಣು ಮೆಲ್ಲಗೆ ಒತ್ತಿದರು. ಅವ್ವ ಕೈ ಹಿಂದಕ್ಕೆಳೆದುಕೊಂಡಳು. ಅವರು ರಿಪೋರ್ಟು ಪಕ್ಕಕ್ಕಿಟ್ಟು ಇನ್ನೊಂದು ಗೆಣ್ಣು ಒತ್ತಿದರು.