ಹತ್ತಿಕಾಯಿಯೊಳಗಿನ ವಿಕಾಸ

ಬೈಲಹೊಂಗಲ, ಸವದತ್ತಿ ಭಾಗದ ಎರೆ ಹೊಲಗಳಲ್ಲಿ ಡಿಸೆಂಬರ್ ಹೊತ್ತಿಗೆ ಹತ್ತಿಯ ಕಾಯೊಂದನ್ನು ಸೀಳಿ ನೋಡಿದರೆ, ಹೊರಗೆ ತೂತೇ ಕಾಣದಿದ್ದರೂ ಒಳಗೆ ಅರಳೆ ಹಳದಿಗಟ್ಟಿರುವುದು, ಬೀಜದೊಳಗೆ ಗುಲಾಬಿ ಬಣ್ಣದ ಸಣ್ಣ ಹುಳು ಮಲಗಿರುವುದು ಈಗ ಅಪರೂಪವಲ್ಲ. ಮೊಟ್ಟೆಯೊಡೆದು ಬಂದ ಮರಿ ಬಹಳ ಹೊತ್ತು ಹೊರಗಿರದೆ ಎಳೆಗಾಯಿಯನ್ನು ಕೊರೆದು ಒಳಸೇರುತ್ತದೆ, ಅದು ಹೊಕ್ಕ ಗಾಯ ಮಾಯುತ್ತದೆ, ಆಮೇಲೆ ಎಷ್ಟು ಕೀಟನಾಶಕ ಹೊಡೆದರೂ ಅದಕ್ಕೆ ತಾಗುವುದಿಲ್ಲ. ಇಂಥ ಹುಳುವನ್ನು ಅದು ತಿನ್ನುವ ತುತ್ತಿನಲ್ಲಿಯೇ ಕೊಲ್ಲಬೇಕೆಂದು ಬಂದದ್ದು ಬಿಟಿ ಹತ್ತಿ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಬಿಟಿ) ಎಂಬ ಮಣ್ಣಿನ ಬ್ಯಾಕ್ಟೀರಿಯಾದ, ಹುಳುವಿಗೆ ವಿಷವಾಗುವ ಪ್ರೋಟೀನನ್ನು ತಯಾರಿಸುವ ಜೀನನ್ನು ಸೇರಿಸಿದ ಈ ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ದೊರೆಯಿತು; 2006ರಲ್ಲಿ ಎರಡು ವಿಷಗಳುಳ್ಳ ಬೀಜವೂ ಬಂತು. 2010ರ ಹೊತ್ತಿಗೆ ಗುಜರಾತಿನ ಗುಲಾಬಿ ಕಾಯಿಕೊರಕ ಮೊದಲ ವಿಷಕ್ಕೆ ಜಗ್ಗುತ್ತಿಲ್ಲವೆಂಬುದು ದೃಢಪಟ್ಟಿತು, ಅದೇ ದಶಕದಲ್ಲಿ ಎರಡನೆಯದೂ ಸೋತಿತು.

‘ಹುಳಕ್ಕ ರೂಢಿ ಆಗೇತಿ’ ಎಂದು ಹೊಲದ ಬದುವಿನಲ್ಲಿ ನಿಂತು ಹೇಳುವವರು ಬಹಳ. ಕಂಡದ್ದನ್ನು ಹೇಳುವ ಮಟ್ಟಿಗೆ ಈ ಮಾತು ಸರಿ, ಕಾರಣ ಹೇಳುವ ಮಟ್ಟಿಗೆ ತಪ್ಪು. ಯಾವ ಹುಳುವೂ ಸ್ವಲ್ಪ ಸ್ವಲ್ಪವೇ ವಿಷ ತಿಂದು, ಅದನ್ನು ತಾಳಲು ಕಲಿತು, ಆ ಕಲಿಕೆಯನ್ನು ಮರಿಗಳಿಗೆ ಕೊಟ್ಟದ್ದಲ್ಲ. ಬಿಟಿಯ ಮೊದಲ ವಿಷ ಹುಳುವಿನ ಕರುಳಿನ ಕೋಶಗಳ ಮೇಲಿರುವ ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡ ಮೇಲಷ್ಟೇ ಕರುಳನ್ನು ತೂತು ಮಾಡಬಲ್ಲದು. ಆ ಪ್ರೋಟೀನನ್ನು ರೂಪಿಸುವ ಜೀನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ನಕಲಾಗುವಾಗ, ಬಿಟಿ ಹತ್ತಿ ಹುಟ್ಟುವ ಮೊದಲೂ ಅಲ್ಲಲ್ಲಿ ತಪ್ಪುಗಳಾಗುತ್ತಲೇ ಇದ್ದವು. ಕೋಟ್ಯಂತರ ಹುಳುಗಳಲ್ಲಿ ಎಲ್ಲೋ ಒಂದೆರಡಕ್ಕೆ ಕೆಟ್ಟ ಕ್ಯಾಡ್‌ಹೆರಿನ್ ಇದ್ದರೆ ಸಾಮಾನ್ಯ ಹತ್ತಿಯ ಹೊಲದಲ್ಲಿ ಅದರಿಂದ ಯಾವ ಲಾಭವೂ ಇರಲಿಲ್ಲ. ಬಿಟಿ ಹೊಲದಲ್ಲಿ ಮಾತ್ರ ಉಳಿದವೆಲ್ಲ ಸತ್ತು, ಆ ಒಂದೆರಡೇ ಮುಂದಿನ ತಲೆಮಾರಿನ ತಂದೆತಾಯಿಗಳಾದವು. ಬದಲಾದದ್ದು ಹುಳುವಲ್ಲ, ಹುಳುಗಳ ಸಂತತಿ. ಭಾರತದ ಹೊಲಗಳಿಂದ ತಂದ ಕೆಲವೇ ಹುಳುಗಳನ್ನು ಪರೀಕ್ಷಿಸಿದಾಗ ಕ್ಯಾಡ್‌ಹೆರಿನ್ ಜೀನು ಎಂಟು ಬೇರೆ ಬೇರೆ ಬಗೆಯಲ್ಲಿ ಕೆಟ್ಟಿರುವುದು ಕಂಡುಬಂದಿದೆ. ಹುಳು ಬೇಕೆಂದೇ ಬದಲಾಗಿದ್ದರೆ ಇಷ್ಟು ಅಡ್ಡಾದಿಡ್ಡಿಯಾಗಿ ಬದಲಾಗುವ ಅಗತ್ಯವಿರಲಿಲ್ಲ.

ತಪ್ಪು ಮೊದಲು, ಆಯ್ಕೆ ಆಮೇಲೆ ಎಂಬ ಈ ಕ್ರಮ ಬರಿಯ ಊಹೆಯಲ್ಲ. ಲೂರಿಯಾ ಮತ್ತು ಡೆಲ್‌ಬ್ರುಕ್ ಎಂಬ ವಿಜ್ಞಾನಿಗಳು 1943ರಲ್ಲಿಯೇ ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗ ನಡೆಸಿ, ವೈರಸ್ಸನ್ನು ತಡೆಯುವ ಬದಲಾವಣೆ ವೈರಸ್ ಎದುರಾಗುವ ಮೊದಲೇ ಆಗಿರುತ್ತದೆಂದು ತೋರಿಸಿದ್ದರು. 1858ರಲ್ಲಿ ಡಾರ್ವಿನ್ ಮತ್ತು ವಾಲೇಸ್ ತಮ್ಮ ವಿಚಾರವನ್ನು ಮಂಡಿಸಿದಾಗ ಅವರಿಬ್ಬರಿಗೂ ಜೀನೆಂದರೇನೆಂದು ಗೊತ್ತಿರಲಿಲ್ಲ. ಆದರೂ ಆಯ್ಕೆಯ ತರ್ಕ ಅವರಿಗೆ ಸಿಕ್ಕಿತ್ತು ಎಂಬುದೇ ಸೋಜಿಗ.

ವಿಕಾಸವಾದವನ್ನು ‘ಬರಿ ಸಿದ್ಧಾಂತ’ ಎಂದು ತಳ್ಳಿಹಾಕುವವರು ಗಮನಿಸಬೇಕಾದ ಸಂಗತಿಯೊಂದು ಬೀಜದ ಪೊಟ್ಟಣದಲ್ಲಿಯೇ ಇತ್ತು. 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂ ಬಿಟಿಯಲ್ಲದ ಬೀಜದ ಸಣ್ಣ ಚೀಲ ಬರುತ್ತಿತ್ತು. ಅದನ್ನು ಹೊಲದ ಸುತ್ತ ಬಿತ್ತಬೇಕೆಂಬುದು ನಿಯಮ. ಅಲ್ಲಿ ಬೆಳೆದ, ವಿಷಕ್ಕೆ ಸಾಯುವ ಪತಂಗಗಳು ಬಿಟಿ ಹೊಲದಲ್ಲಿ ಬದುಕುಳಿದ ಅಪರೂಪದ ಪತಂಗಗಳೊಡನೆ ಕೂಡಲಿ ಎಂಬುದು ಲೆಕ್ಕಾಚಾರ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬಂದರೆ ಮಾತ್ರ ಹುಳು ವಿಷವನ್ನು ತಡೆದುಕೊಳ್ಳುತ್ತದೆ. ಒಬ್ಬರಿಂದ ಮಾತ್ರ ಬಂದ ಮರಿ ಸಾಯುತ್ತದೆ. ಅಮೆರಿಕದ ಅರಿಜೋನಾದಲ್ಲಿ 1996ರಿಂದ ಬೆಳೆಗಾರರು ಇಂಥ ಆಸರೆ ಬೆಳೆಯನ್ನು ಬಿಡದೆ ಬೆಳೆದರು, ಮುಂದೆ ಬಂಜೆ ಪತಂಗಗಳನ್ನೂ ಹಾರಿಬಿಟ್ಟರು. 2018ರಲ್ಲಿ ಆ ದೇಶದ ಹತ್ತಿ ಸೀಮೆಯಿಂದ ಗುಲಾಬಿ ಹುಳು ನಿರ್ಮೂಲವಾಯಿತೆಂದು ಘೋಷಿಸಲಾಯಿತು. ನಮ್ಮಲ್ಲಿ ಆ ಚೀಲವನ್ನು ಬದುವಿಗೆ ಎಸೆದವರೇ ಹೆಚ್ಚು. ಎರಡು ಎಕರೆಯಲ್ಲಿ ಸಾಲ ತೀರಿಸಬೇಕಾದವನು ಹುಳುವಿಗೆಂದು ಐದು ಸಾಲು ಬಿಡಲಿಲ್ಲವೆಂದು ಅವನನ್ನು ದೂರುವುದು ನನಗೆ ನ್ಯಾಯವೆನಿಸುವುದಿಲ್ಲ. ಆದರೆ ಸಿದ್ಧಾಂತವು ಮೊದಲೇ ನುಡಿದದ್ದು ಎರಡೂ ಕಡೆ ನಿಜವಾಯಿತು.

ವಿಜಯಪುರದ ಕಡೆ ಇದಕ್ಕೊಂದು ಪೂರಕ ಸಾಕ್ಷಿಯಿದೆ. ಅಲ್ಲಿನ ಹತ್ತಿಯ ಪಕ್ಕದಲ್ಲಿ ತೊಗರಿ, ಹಿಂಗಾರಿನಲ್ಲಿ ಕಡಲೆ ಇದ್ದೇ ಇರುತ್ತವೆ. ಹತ್ತಿಯ ಇನ್ನೊಂದು ಹುಳುವಾದ ಹಸಿರು ಕಾಯಿಕೊರಕಕ್ಕೆ ಹತ್ತಿಯಷ್ಟೇ ಪ್ರಿಯ ಈ ಬೆಳೆಗಳು, ಹೀಗಾಗಿ ಬಿಟಿ ವಿಷ ಮುಟ್ಟದ ಅದರ ಬಳಗ ತೊಗರಿಯಲ್ಲಿ ಸದಾ ಬೆಳೆಯುತ್ತಿರುತ್ತದೆ. ಯಾರೂ ಬಿತ್ತದಿದ್ದರೂ ಆಸರೆ ಬೆಳೆ ಅದಕ್ಕೆ ಸಿಕ್ಕಂತಾಯಿತು. ಗುಲಾಬಿ ಹುಳುವಾದರೋ ಬಹುಮಟ್ಟಿಗೆ ಹತ್ತಿಯನ್ನೇ ನಂಬಿ ಬದುಕುತ್ತದೆ, ದೇಶದ ಹತ್ತಿಯಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಬಿಟಿ. ಒಂದೇ ವಿಷ, ಒಂದೇ ಹೊಲ; ಹಸಿರು ಹುಳು ಗುಲಾಬಿ ಹುಳುವಿನಷ್ಟು ಬೇಗ ಬಿಟಿಯನ್ನು ಮಣಿಸಲಿಲ್ಲ.

ಇಷ್ಟಾದರೂ ಹುಳು ಹುಳುವಾಗಿಯೇ ಉಳಿಯಿತಲ್ಲ, ಹೊಸ ಪ್ರಭೇದ ಎಲ್ಲಿ ಹುಟ್ಟಿತು ಎಂಬ ಆಕ್ಷೇಪ ಉಳಿಯುತ್ತದೆ. ಒಂದು ಸಂತತಿ ಬೆಟ್ಟ, ನೀರುಗಳಿಂದ ಎರಡಾಗಿ ಬೇರ್ಪಟ್ಟು, ಎರಡೂ ಕಡೆ ಬೇರೆ ಬೇರೆ ಬದಲಾವಣೆಗಳು ಕೂಡಿ, ಕೊನೆಗೆ ಒಂದರೊಡನೊಂದು ಬೆರೆಯಲಾರದಂತಾಗುವುದು ಸಾಮಾನ್ಯ ದಾರಿ. ಅದಕ್ಕೆ ಸಾವಿರಾರು, ಲಕ್ಷಾಂತರ ತಲೆಮಾರುಗಳು ಬೇಕು. ಆದರೆ ಹತ್ತಿ ಗಿಡವೇ ಬೇರೊಂದು ದಾರಿಯನ್ನು ತೋರಿಸುತ್ತದೆ. ಈ ಭಾಗದ ಹಿರಿಯರು ಬಲ್ಲ ಜಯಧರ್ ತಳಿ ದೇಶಿ ಹತ್ತಿ, ಅದರ ಕೋಶದಲ್ಲಿ 26 ಕ್ರೋಮೋಸೋಮುಗಳು. ಇಂದು ಎಲ್ಲೆಡೆ ಹಬ್ಬಿರುವ ಅಮೆರಿಕನ್ ಹತ್ತಿಗೆ 52. ಇವೆರಡನ್ನು ಕೂಡಿಸಿದರೆ ಹುಟ್ಟುವ ಗಿಡಕ್ಕೆ 39. ಅವು ಜೋಡಿ ಕೂಡದ್ದರಿಂದ ಆ ಗಿಡ ಹೂ ಬಿಟ್ಟರೂ ಬೀಜ ಕಟ್ಟುವುದಿಲ್ಲ. ಸುಮಾರು 10ರಿಂದ 20 ಲಕ್ಷ ವರ್ಷಗಳ ಹಿಂದೆ ದೇಶಿ ಹತ್ತಿಯ ಹತ್ತಿರದ ಬಂಧುವೊಂದು ಅಮೆರಿಕ ಖಂಡದ ಕಾಡುಹತ್ತಿಯೊಡನೆ ಕೂಡಿ, ಕ್ರೋಮೋಸೋಮುಗಳು ಇಮ್ಮಡಿಯಾಗಿ, ಎರಡೂ ಮೂಲಗಳಿಂದ ಬೇರೆಯಾದ, ಇಂದಿನ ಅಮೆರಿಕನ್ ಹತ್ತಿಗೆ ಮೂಲವಾದ ಪ್ರಭೇದ ಒಂದೇ ಜಿಗಿತಕ್ಕೆ ಹುಟ್ಟಿತು. 1940ರಲ್ಲಿ ಬೀಸ್ಲಿ ಎಂಬ ವಿಜ್ಞಾನಿ ಏಷ್ಯಾದ ಹತ್ತಿಯನ್ನು ಅಮೆರಿಕದ ಕಾಡುಹತ್ತಿಯೊಡನೆ ಕೂಡಿಸಿ, ಕ್ರೋಮೋಸೋಮುಗಳನ್ನು ಇಮ್ಮಡಿಗೊಳಿಸಿ, ಆ ಹೊಸ ಗಿಡವನ್ನು ಅಮೆರಿಕನ್ ಹತ್ತಿಯೊಡನೆ ಕೂಡಿಸಿದಾಗ ಅದು ಬೀಜ ಕಟ್ಟಿತು.