ಭಾನುವಾರ ಆಡ್ಬಹುದಾ ಡಾಕ್ಟ್ರೇ?

ಕೆಲವು ವರ್ಷಗಳ ಹಿಂದೆ, ಒಂದು ಡಿಸೆಂಬರ್ ಸಂಜೆ, ಕಾಪು ಕಡೆಯ ಹುಡುಗನೊಬ್ಬ ಉಡುಪಿಯ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕುಂಟುತ್ತಾ ಬಂದ. ಕಬಡ್ಡಿ ಆಟಗಾರ. ರೈಡ್‌ಗೆ ಹೋದಾಗ ಎದುರಿನವರು ಪಾದ ಹಿಡಿದು ಎಳೆದಿದ್ದರು, ಕಾಲು ಉಳುಕಿತ್ತು. ಎಕ್ಸ್‌ರೇ ತೆಗೆಸಿಕೊಂಡೇ ಬಂದಿದ್ದ, ಮೂಳೆಗೆ ಏನೂ ಆಗಿರಲಿಲ್ಲ. ನಾನು ಊತ ನೋಡಿದೆ, ಪಟ್ಟಿ ಕಟ್ಟಿದೆ, ವ್ಯಾಯಾಮ ಹೇಳಿಕೊಟ್ಟೆ. ಎಲ್ಲ ಮುಗಿದ ಮೇಲೆ ಅವನು ಕೇಳಿದ: "ಮುಂದಿನ ಭಾನುವಾರ ಮ್ಯಾಚ್ ಉಂಟು. ಆಡ್ಬಹುದಾ ಡಾಕ್ಟ್ರೇ?"

"ಮೂರು ವಾರ ರೆಸ್ಟ್ ಮಾಡು" ಎಂದೆ. ಮೂರೇ ಯಾಕೆ? ಎರಡು ಯಾಕಲ್ಲ, ಐದು ಯಾಕಲ್ಲ? ಅವನು ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಉತ್ತರ ಇರಲಿಲ್ಲ. ನನಗಿಂತ ಹಿರಿಯರು ಮೂರು ವಾರ ಎನ್ನುತ್ತಿದ್ದರು, ನಾನೂ ಎಂದೆ. ಹುಡುಗ ಎರಡನೇ ಭಾನುವಾರವೇ ಆಡಿದ. ಅದೇ ಕಾಲು ಮತ್ತೆ ಉಳುಕಿತು. ಆ ಸೀಸನ್ ಪೂರ್ತಿ ಅವನ ಕೈತಪ್ಪಿತು.

ಆಸ್ಪತ್ರೆಯಲ್ಲಿ ನಾವು ಕೇಳುವುದು "ನೋವು ಹೋಯ್ತಾ? ಗಾಯ ಮಾಗಿತಾ?" ಎಂದು. ಮೈದಾನದಲ್ಲಿ ಕೇಳುವುದು "ಭಾನುವಾರ ಆಡ್ಬಹುದಾ?" ಎಂದು. ಎರಡೂ ಒಂದೇ ಪ್ರಶ್ನೆ ಅಂತ ನಾನು ಬಹಳ ಕಾಲ ತಿಳಿದಿದ್ದೆ. ಅಲ್ಲ. ನೋವು ಹೋದ ಕಾಲಿಗೂ ಆಟಕ್ಕೆ ಸಿದ್ಧವಾದ ಕಾಲಿಗೂ ನಡುವೆ ಇರುವ ದೂರವನ್ನು ಅಳೆಯುವುದೇ ಕ್ರೀಡಾ ವೈದ್ಯಕೀಯದ ದೊಡ್ಡ ಪಾಲು. ಅದನ್ನು ಸರಿಯಾಗಿ ಓದಬೇಕು ಎಂದು ನಿರ್ಧಾರ ಮಾಡಿದ್ದು ಆ ಹುಡುಗ ಎರಡನೇ ಸಲ ಕುಂಟುತ್ತಾ ಬಂದ ದಿನ.

ಓದುವುದಾದರೂ ಹೇಗೆ? ಕ್ಲಿನಿಕ್ಕಿನ ಸಾಲದ ಕಂತು ಇತ್ತು, ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದರು. ಎಂ.ಬಿ.ಬಿ.ಎಸ್. ಆದವರಿಗೆ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಎಂ.ಡಿ. ಇದೆ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಡಿಪ್ಲೊಮಾ ಇದೆ. ನನ್ನಂಥ ಫಿಸಿಯೋಥೆರಪಿಸ್ಟ್‌ಗಳಿಗೆ ಎಂ.ಪಿ.ಟಿ. (ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ) ಓದಲು ಮಂಗಳೂರು, ಮಣಿಪಾಲದಲ್ಲೇ ಕಾಲೇಜುಗಳಿವೆ. ಆದರೆ ಅವೆಲ್ಲ ಪೂರ್ಣಾವಧಿ. ಕ್ಲಿನಿಕ್ಕಿನ ಬಾಗಿಲು ಎರಡು ವರ್ಷ ಮುಚ್ಚಬೇಕು. ಹಾಗಾಗಿ ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಸ್ನಾತಕೋತ್ತರ ಕೋರ್ಸಿಗೆ ಸೇರಿದೆ.

ಸೇರಬೇಕೆಂದಿರುವವರಿಗೆ ಮೊದಲು ಒಂದು ಲೆಕ್ಕ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ ಎಂ.ಎಸ್ಸಿ. ಅಂದರೆ 180 ಕ್ರೆಡಿಟ್. ಒಂದು ಕ್ರೆಡಿಟ್‌ಗೆ 10 ಗಂಟೆ ಓದು. ಒಟ್ಟು 1,800 ಗಂಟೆ ಆಯಿತು. ಮೂರು ವರ್ಷಕ್ಕೆ ಹಂಚಿದರೆ ವಾರಕ್ಕೆ ಹತ್ತಿರ ಹತ್ತಿರ 12 ಗಂಟೆ, ರಜೆಯಿಲ್ಲದೆ. "ಆನ್‌ಲೈನ್ ಅಲ್ವಾ, ಬಿಡುವಾದಾಗ ನೋಡಿದ್ರಾಯ್ತು" ಎಂದು ಸೇರಿದವರು ಮೊದಲ ವರ್ಷವೇ ಬಿಟ್ಟುಹೋಗುವುದನ್ನು ಕಂಡಿದ್ದೇನೆ. 60 ಕ್ರೆಡಿಟ್‌ಗೆ ಸರ್ಟಿಫಿಕೇಟ್, 120ಕ್ಕೆ ಡಿಪ್ಲೊಮಾ ಎಂದು ನಡುವೆ ಇಳಿಯುವ ಮೆಟ್ಟಿಲುಗಳೂ ಇರುತ್ತವೆ. ಅಲ್ಲಿ ಇಳಿದರೆ ಅವಮಾನವೇನೂ ಇಲ್ಲ. ಇನ್ನು ಸಮಯ. ಅಲ್ಲಿ ಸಂಜೆ ಏಳಕ್ಕೆ ಚರ್ಚೆ ಇಟ್ಟರೆ ನಮಗೆ ಚಳಿಗಾಲದಲ್ಲಿ ರಾತ್ರಿ ಹನ್ನೆರಡೂವರೆ, ಅವರ ಬೇಸಿಗೆಯಲ್ಲಿ ಹನ್ನೊಂದೂವರೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಕ್ಲಿನಿಕ್ಕಿನಲ್ಲಿ ರೋಗಿ ಕಾದಿರುತ್ತಾರೆ.

ಈ ಕಷ್ಟದಲ್ಲೇ ಒಂದು ಲಾಭವೂ ಇತ್ತು. ರಾತ್ರಿ ಓದಿದ್ದು ಬೆಳಿಗ್ಗೆಯೇ ಕೈಗೆ ಸಿಗುತ್ತಿತ್ತು. ಕಾಲು ಉಳುಕಿದವರಲ್ಲಿ ಯಾರಿಗೆ ಎಕ್ಸ್‌ರೇ ಬೇಕು, ಯಾರಿಗೆ ಬೇಡ ಎಂದು ಹೇಳುವ ಒಟ್ಟಾವ ನಿಯಮಗಳನ್ನು ನಾನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಕೋರ್ಸಿನಲ್ಲಿ ಅದೇ ಪಾಠ ಬಂದ ವಾರ ಮೂರು ಉಳುಕಿದ ಕಾಲುಗಳು ಬಂದವು. ಪಾದದ ಗಂಟಿನ ಮೂಳೆಯ ಹಿಂಬದಿಯನ್ನು ಒತ್ತಿ ನೋಡಿದೆ, ನಾಲ್ಕು ಹೆಜ್ಜೆ ನಡೆಸಿದೆ. ಆ ನಿಯಮ ಆಗ ನನ್ನದಾಯಿತು. ಪೂರ್ಣಾವಧಿ ವಿದ್ಯಾರ್ಥಿಗೆ ಇಷ್ಟು ಬೇಗ ಸ್ವಂತ ರೋಗಿ ಸಿಗುವುದಿಲ್ಲ.

ಕೋರ್ಸ್ ನನಗೆ ಕೊಟ್ಟ ದೊಡ್ಡ ವಿದ್ಯೆ ಅಂದರೆ ಸಂಶೋಧನಾ ಲೇಖನವನ್ನು ಅನುಮಾನದಿಂದ ಓದುವುದು. ಮೊಣಕಾಲಿನ ಎ.ಸಿ.ಎಲ್. (ಕೀಲನ್ನು ಒಳಗಿನಿಂದ ಹಿಡಿದಿಡುವ ಅಸ್ಥಿರಜ್ಜು) ಆಪರೇಷನ್ ಆದವರ ಮೇಲೆ 2016ರಲ್ಲಿ ಒಂದು ಹೆಸರಾಂತ ಅಧ್ಯಯನ ಬಂತು. ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮೊಣಕಾಲಿಗೆ ಮತ್ತೆ ಪೆಟ್ಟಾಗುವುದು ಅರ್ಧದಷ್ಟು ಕಡಿಮೆಯಾಗಿತ್ತು. ತೊಡೆಯ ಮುಂಭಾಗದ ಸ್ನಾಯುವಿನ ಬಲ ಎರಡೂ ಕಾಲಲ್ಲಿ ಸಮವಾಗಿದ್ದವರಿಗೂ ಅಪಾಯ ಕಡಿಮೆ ಇತ್ತು. ಆರು ತಿಂಗಳಿಗೇ "ಆಡು" ಎಂದು ಕಳಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆಯಲ್ಲ, ಅದಕ್ಕೆ ಇದು ನೇರ ಉತ್ತರ. ಆದರೆ ನಮ್ಮ ಮೇಷ್ಟ್ರು ಅಲ್ಲಿಗೆ ಬಿಡಲಿಲ್ಲ. "ಅಧ್ಯಯನದಲ್ಲಿ ಎಷ್ಟು ಜನ ಇದ್ದರು?" ಎಂದು ಕೇಳಿದರು. 106. "ಅವರಿಗೆ ಯಾವ ತರಬೇತಿ ಸಿಕ್ಕಿತ್ತು? ನಿನ್ನ ರೋಗಿಗೆ ಅದು ಸಿಗುತ್ತದಾ?" ನನ್ನ ರೋಗಿ ಬೆಳಿಗ್ಗೆ ಬೇಕರಿಯಲ್ಲಿ ಕೆಲಸ ಮಾಡಿ ಸಂಜೆ ಶಾಲೆಯ ಅಂಗಳದಲ್ಲಿ ಕಬಡ್ಡಿ ಆಡುವವನು. ಅವನಿಗೆ ಜಿಮ್ ಇಲ್ಲ. ತಿಂಗಳು ಎಣಿಸುತ್ತಾ ಕೂತರೆ ಸಾಲದು, ಬಲ ಅಳೆಯಬೇಕು ಎಂದು ನನಗೆ ಮನವರಿಕೆ ಆಗಿದ್ದು ಆ ಪ್ರಶ್ನೆಯಿಂದ. ಒಂಬತ್ತು ತಿಂಗಳು ಸುಮ್ನೆ ಮನೆಯಲ್ಲಿ ಕೂತ ಮೊಣಕಾಲು ಒಂಬತ್ತನೇ ತಿಂಗಳಲ್ಲೂ ದುರ್ಬಲವೇ.

ಇನ್ನೊಂದು ಪಾಠವನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಅದು ನಮ್ಮ ಕರಾವಳಿಯದ್ದು. ಓಟದ ಸ್ಪರ್ಧೆಯೊಂದಕ್ಕೆ ತುರ್ತು ಚಿಕಿತ್ಸೆಯ ಯೋಜನೆ ಬರೆಯಿರಿ ಎಂದು ಅಸೈನ್‌ಮೆಂಟ್ ಕೊಟ್ಟಿದ್ದರು. ನಾನು ಆಂಬುಲೆನ್ಸ್, ಸ್ಟ್ರೆಚರ್, ಹತ್ತಿರದ ಆಸ್ಪತ್ರೆ ಎಲ್ಲ ಬರೆದೆ. ಅದು ಕೆಂಪು ಗುರುತು ಹೊತ್ತು ವಾಪಸ್ ಬಂತು: "ಓಡುವಾಗ ಬಿಸಿಲಾಘಾತ ಆದರೆ ಏನು ಮಾಡುತ್ತೀರಿ? ಐಸ್ ಎಲ್ಲಿಂದ ಬರುತ್ತದೆ?"

ಇದು ಗಂಭೀರ ವಿಷಯ. ನಮ್ಮ ಊರಿನ ಸೆಕೆಯಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ಓಡುವವರ ಒಳಮೈ ಉಷ್ಣತೆ 40 ಡಿಗ್ರಿ ದಾಟಿ, ಮಾತು ತೊದಲಿ, ಬುದ್ಧಿ ಮಂಕಾದರೆ ಅದು ಪ್ರಾಣಕ್ಕೆ ಅಪಾಯ. ಹಣೆಗೆ ಹಿಡಿಯುವ ಥರ್ಮಾಮೀಟರನ್ನು ಇಲ್ಲಿ ನಂಬಬಾರದು, ಅದು ಕಡಿಮೆ ತೋರಿಸಬಹುದು. ಗುದದ್ವಾರದ ಉಷ್ಣತೆಯನ್ನೇ ನೋಡಬೇಕು. ಬಿದ್ದ ಅರ್ಧ ಗಂಟೆಯೊಳಗೆ ಮೈ ತಂಪು ಮಾಡಬೇಕು. ಸ್ಥಳದಲ್ಲಿ ಚಿಕಿತ್ಸೆ ಕೊಡುವವರಿದ್ದರೆ ಮೊದಲು ತಂಪು, ಆಮೇಲೆ ಆಂಬುಲೆನ್ಸ್ ಪ್ರಯಾಣ. ನಾವು ಮಾಡುವುದು ತಿರುಗಾಮುರುಗಾ. ಬಿದ್ದವರನ್ನು ಎತ್ತಿ ಗಾಡಿಗೆ ಹಾಕಿ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತೇವೆ.

ಪುಸ್ತಕದಲ್ಲಿ ಐಸ್ ನೀರಿನ ತೊಟ್ಟಿ ಬೇಕೆಂದಿತ್ತು. ತೊಟ್ಟಿ ಇಲ್ಲದಿದ್ದರೆ ಟರ್ಪಾಲು ಸಾಕು ಎಂದೂ ಇತ್ತು. ಬಿದ್ದವರನ್ನು ಟರ್ಪಾಲಿನ ಮೇಲೆ ಮಲಗಿಸಿ, ನಾಲ್ಕೂ ಕಡೆ ಜನ ಎತ್ತಿ ಹಿಡಿದು, ಒಳಗೆ ನೀರು ಮತ್ತು ಐಸ್ ಸುರಿದು ತೂಗಾಡಿಸುವುದು. ಅದನ್ನು ಓದಿದಾಗ ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ಟರ್ಪಾಲು ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಯಾವುದಿದೆ! ಐಸ್‌ಗಂತೂ ಮಲ್ಪೆಯಲ್ಲಿ ಮೀನಿನ ಬೋಟುಗಳಿಗೆ ಮಂಜುಗಡ್ಡೆ ಮಾಡುವ ಐಸ್ ಪ್ಲಾಂಟ್‌ಗಳೇ ಇವೆ, ಮಂಗಳೂರಿನವರಿಗೆ ಬಂದರಿನ ಧಕ್ಕೆ (ಮೀನು ಇಳಿಸುವ ಕಟ್ಟೆ) ಇದೆ. ಹಿಂದಿನ ರಾತ್ರಿಯೇ ಐಸ್ ತಂದು ಮೀನಿನ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಟ್ಟರೆ ಆಯಿತು. ಅದನ್ನೇ ಬರೆದು ಕಳಿಸಿದೆ. ಆ ಯೋಜನೆಯನ್ನು ಆಮೇಲೆ ಇಲ್ಲಿನ ಎರಡು ರಸ್ತೆ ಓಟಗಳಲ್ಲಿ ಹಾಗೇ ಬಳಸಿದ್ದೇವೆ. ಐಸ್ ಕರಗಿ ಹೋಯಿತು, ಯಾರೂ ಬೀಳಲಿಲ್ಲ. ಹಾಗೆಯೇ ಆಗಲಿ ಎಂಬುದೇ ನನ್ನ ಆಸೆ.

ಮದ್ದಿನ ವಿಷಯವೂ ಇದೆ. ಪಂದ್ಯದ ಮುನ್ನಾದಿನ ಮೊಣಕಾಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ವೈದ್ಯರಿದ್ದಾರೆ. ಇವು ಗ್ಲುಕೋಕಾರ್ಟಿಕಾಯ್ಡ್ ಎಂಬ ಗುಂಪಿನವು. 2022ರ ಜನವರಿಯಿಂದ ಗ್ಲುಕೋಕಾರ್ಟಿಕಾಯ್ಡ್‌ಗಳ ಯಾವುದೇ ಇಂಜೆಕ್ಷನ್ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ; ಮುನ್ನಾದಿನ ಕೊಟ್ಟದ್ದು ಪಂದ್ಯದ ದಿನವೂ ಮೈಯಲ್ಲಿರುತ್ತದೆ. ಕೊಟ್ಟವರು ವೈದ್ಯರಾದರೂ ಉತ್ತರ ಹೇಳಬೇಕಾದವರು ಆಟಗಾರರೇ. ಇದನ್ನು ಕಲಿಯಲು ದುಡ್ಡು ಕೂಡ ಬೇಡ, ವಾಡಾದ (ಕ್ರೀಡೆಯಲ್ಲಿ ನಿಷಿದ್ಧ ಮದ್ದುಗಳನ್ನು ತಡೆಯುವ ವಿಶ್ವ ಸಂಸ್ಥೆ) ಆನ್‌ಲೈನ್ ಪಾಠಗಳು ಉಚಿತ.

ಈಗ ಕೋರ್ಸ್ ಏನು ಕೊಡುವುದಿಲ್ಲ ಎಂಬುದನ್ನು ಹೇಳಬೇಕು. ಕೈಚಳಕ ಕೊಡುವುದಿಲ್ಲ. ಟೇಪ್ ಸುತ್ತುವುದು, ಕುತ್ತಿಗೆಗೆ ಪೆಟ್ಟಾದವರನ್ನು ಅಲುಗಾಡಿಸದೆ ಎತ್ತುವುದು, ಮೈದಾನಕ್ಕೆ ಓಡಿ ಅರ್ಧ ನಿಮಿಷದಲ್ಲಿ ನಿರ್ಧಾರ ಮಾಡುವುದು, ಇವು ಸ್ಕ್ರೀನಿನಲ್ಲಿ ಬರುವುದಿಲ್ಲ. ಕೆಲವು ಕೋರ್ಸ್‌ಗಳಲ್ಲಿ ಒಂದೆರಡು ವಾರ ಅಲ್ಲಿಗೇ ಹೋಗಿ ಕಲಿಯುವ ಭಾಗ ಇರುತ್ತದೆ, ವಿಮಾನದ ಖರ್ಚು ನಮ್ಮದೇ. ನಾನು ಇಲ್ಲೇ ಕಲಿತೆ. ಅಜ್ಜರಕಾಡು ಮೈದಾನದಲ್ಲಿ ಪಿ.ಟಿ. ಮಾಸ್ಟ್ರುಗಳ ಪಕ್ಕ ನಿಂತೆ. ಎರಡು ಸೀಸನ್ ಕಂಬಳಕ್ಕೆ ಹೋದೆ. ಕೆಸರು ತುಂಬಿದ ಕರೆಯಲ್ಲಿ (ಕಂಬಳದ ಓಟದ ಹಾದಿಯಲ್ಲಿ) ಬರಿಗಾಲಲ್ಲಿ ಕೋಣಗಳ ಹಿಂದೆ ಓಡುವವರ ತೊಡೆಯ ಹಿಂಭಾಗದ ಸ್ನಾಯು ಹೇಗೆ ಸೆಳೆಯುತ್ತದೆ ಎಂದು ಯಾವ ವಿಡಿಯೋದಲ್ಲಿ ನೋಡುತ್ತೀರಿ? ಆ ಸ್ನಾಯುವಿಗೆ ನಾರ್ಡಿಕ್ ಎಂಬ ವ್ಯಾಯಾಮ ಇದೆ. ಮಂಡಿಯೂರಿ ಕೂತು, ಇನ್ನೊಬ್ಬರು ಹಿಮ್ಮಡಿ ಒತ್ತಿ ಹಿಡಿದಾಗ, ನಿಧಾನವಾಗಿ ಮುಂದೆ ಬಾಗುವುದು. ಫುಟ್ಬಾಲ್ ಆಟಗಾರರಲ್ಲಿ ಈ ಗಾಯವನ್ನು ಅದು ಸುಮಾರು ಅರ್ಧಕ್ಕೆ ಇಳಿಸಿದೆ. ಕಂಬಳದ ಓಟಗಾರರೊಬ್ಬರಿಗೆ ಹೇಳಿಕೊಟ್ಟೆ. "ಇದು ಗದ್ದೆ ಉಳುವುದಕ್ಕಿಂತ ಕಷ್ಟ ಮಾರಾಯ್ರೆ" ಎಂದರು, ಆದರೆ ಬಿಡದೆ ಮಾಡಿದರು.

ಮಾನ್ಯತೆಯ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಜನ ಮೋಸಹೋಗುತ್ತಾರೆ. ವೈದ್ಯಕೀಯ, ಫಿಸಿಯೋಥೆರಪಿ, ನರ್ಸಿಂಗ್ ಪದವಿಗಳನ್ನು ಆನ್‌ಲೈನ್‌ನಲ್ಲಿ ಕೊಡಲು ನಮ್ಮ ಯು.ಜಿ.ಸಿ. ನಿಯಮ ಬಿಡುವುದಿಲ್ಲ. ಹೊರದೇಶದ ಆನ್‌ಲೈನ್ ಎಂ.ಎಸ್ಸಿ. ಮಾಡಿದ ಎಂ.ಬಿ.ಬಿ.ಎಸ್. ವೈದ್ಯರು ಇಲ್ಲಿ ಆ ವಿಷಯದ ತಜ್ಞರು ಎಂದು ನೋಂದಣಿ ಆಗುವುದಿಲ್ಲ. ಬೋರ್ಡಿನಲ್ಲಿ ಹಾಗೆ ಬರೆಸಿಕೊಳ್ಳಲೂಬಾರದು. ನನ್ನ ಪರಿಚಯದ ಯುವ ವೈದ್ಯೆಯೊಬ್ಬರು "ಭಾರತದಲ್ಲಿ ಪೂರ್ತಿ ಮಾನ್ಯ" ಎಂಬ ಏಜೆಂಟರ ಮಾತು ನಂಬಿ ಎರಡು ಕಂತು ಕಟ್ಟಿದರು. ಕೊನೆಗೆ ಕೈಗೆ ಬಂದಿದ್ದು ಯಾವ ವಿಶ್ವವಿದ್ಯಾಲಯದ ಹೆಸರೂ ಇಲ್ಲದ ಸರ್ಟಿಫಿಕೇಟ್. ದುಡ್ಡು ಕಟ್ಟುವ ಮುಂಚೆ ಪದವಿ ಕೊಡುವುದು ಯಾರು, ಪರೀಕ್ಷೆ ಹೇಗೆ, ನಿಮ್ಮ ಉತ್ತರ ತಿದ್ದುವವರು ಯಾರು ಎಂದು ಕೇಳಿ. ಲಿಖಿತವಾಗಿ ಕೇಳಿ. ಶುಲ್ಕ ಪೌಂಡಿನಲ್ಲಿದ್ದರೆ ಮೂರನೇ ವರ್ಷದ ರೂಪಾಯಿ ಲೆಕ್ಕ ಮೊದಲ ವರ್ಷದ್ದಕ್ಕಿಂತ ಜಾಸ್ತಿ ಆಗಬಹುದು, ಅದನ್ನೂ ಲೆಕ್ಕ ಹಾಕಿಕೊಳ್ಳಿ.

ಹಾಗಾದರೆ ಯಾರು ಓದಬೇಕು? ವಾರಕ್ಕೆ ನಾಲ್ಕೈದು ಆಟಗಾರರಾದರೂ ಬರುವ ಕ್ಲಿನಿಕ್ ಇರುವವರು ಓದಬೇಕು. ಸಂಬಳ ಏರಲಿ, ಬೋರ್ಡಿಗೆ ಇನ್ನೊಂದು ಸಾಲು ಸೇರಲಿ ಎಂದಷ್ಟೇ ಇದ್ದರೆ ಬೇಡ.

ಕಳೆದ ವಾರ ಕುಂದಾಪುರದ ಕಿರಿಯ ಫಿಸಿಯೋಥೆರಪಿಸ್ಟ್ ಒಬ್ಬಳು ಫೋನ್ ಮಾಡಿದ್ದಳು. "ಅಕ್ಕಾ, ಈ ಸೆಪ್ಟೆಂಬರ್‌ಗೆ ಸೇರ್ಲಾ?" ಬ್ರಿಟನ್ನಿನ ಹೆಚ್ಚಿನ ಕೋರ್ಸ್‌ಗಳು ಸೆಪ್ಟೆಂಬರ್, ಅಕ್ಟೋಬರಿಗೆ ಶುರುವಾಗುತ್ತವೆ. ಮೊದಲ ದೊಡ್ಡ ಅಸೈನ್‌ಮೆಂಟ್ ಬರುವಷ್ಟರಲ್ಲಿ ನಮ್ಮಲ್ಲಿ ಕಬಡ್ಡಿ, ಕಂಬಳ, ಶಾಲೆಗಳ ಕ್ರೀಡಾಕೂಟ ಎಲ್ಲ ಒಟ್ಟಿಗೆ ಬಂದಿರುತ್ತವೆ, ಕ್ಲಿನಿಕ್ಕಿನಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ಮಳೆಗಾಲದಲ್ಲಿ ಮೈದಾನ ಖಾಲಿ. ಹಾಗಾಗಿ ಅವಳಿಗೆ ಹೇಳಿದೆ: "ಈ ವರ್ಷ ಸೇರ್ಬೇಡ ಮಾರಾಯ್ತಿ. ಈ ಮಳೆಗೆ ಫಿಫಾದ ಫುಟ್ಬಾಲ್ ಮೆಡಿಸಿನ್ ಡಿಪ್ಲೊಮಾ ಮಾಡು, ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗ್ತದೆ. ವಾರಕ್ಕೆ ಹನ್ನೆರಡು ಗಂಟೆ ನಿಜವಾಗಿ ಕೂರ್ಲಿಕ್ಕೆ ಆಗ್ತದಾ ನೋಡು. ನವೆಂಬರಿಗೆ ನಿಮ್ಮೂರ ಕಬಡ್ಡಿ ಟೀಮಿನ ಜೊತೆ ನಿಲ್ಲು. ಆಮೇಲೆ ಮುಂದಿನ ಸೆಪ್ಟೆಂಬರ್ ಮಾತಾಡುವ."

"ಟೀಮಿನವರು ನನ್ನನ್ನು ಸೇರಿಸಿಕೊಳ್ತಾರಾ ಅಕ್ಕಾ?" ಎಂದಳು. ಅವರ ಕೋಚ್ ನನಗೆ ಗೊತ್ತು. ಇವತ್ತು ಸಂಜೆ ಫೋನ್ ಮಾಡಬೇಕು.